ಮಾತು ನಿಂತ ಹೊತ್ತು

ಗುತ್ತಲು ರಸ್ತೆಯಲ್ಲಿ, ಟೈರು ಅಂಗಡಿಯ ಮೇಲೆ ನಮ್ಮ ಜಿಮ್ಮು.
ಕೆಳಗೆ ರಬ್ಬರಿನ ವಾಸನೆ, ಮೇಲೆ ಬೆವರಿನದು,
ಕಾರ್ಖಾನೆ ಕಬ್ಬು ಅರೆಯುವ ದಿನಗಳಲ್ಲಿ ಎರಡನ್ನೂ ಮುಚ್ಚಿ
ಕಾಕಂಬಿಯ ನಾತ ಕಿಟಕಿಯಿಂದ ನುಗ್ಗುತ್ತದೆ.
ಟ್ರೈನರ್ ಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನ.
ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡಿದ್ದೆ:
ಇನ್ನೂರಿಪ್ಪತ್ತರಲ್ಲಿ ವಯಸ್ಸು ಕಳೆ.

ಚಿಕ್ಕತಾಯಮ್ಮನಿಗೆ ಐವತ್ತಾರು.
ಕಳೆದರೆ ನೂರ ಅರವತ್ತನಾಲ್ಕು,
ಅದರಲ್ಲಿ ನೂರಕ್ಕೆ ಅರವತ್ತೆಂದರೆ ತೊಂಬತ್ತೆಂಟು.
ಅಪ್ಪನ ಡೈರಿ ಪುಸ್ತಕದ ಹಾಲಿನ ಲೆಕ್ಕದ ಹಾಗೆ
ಹೃದಯವೂ ವಾರದ ಕೊನೆಗೆ ಸರಿಹೋಗುತ್ತದೆ
ಎಂದುಕೊಂಡಿದ್ದೆ.

ಸೀರೆಯ ಮೇಲೆ ಮಗನ ಹಳೇ ಶರ್ಟು, ಕಾಲಿಗೆ ಸೊಸೆಯ ಬೂಟು,
ಸೊಂಟದಲ್ಲಿ ಎಲೆಯಡಿಕೆ ಚೀಲ.
ಅದನ್ನು ಬಿಚ್ಚಿಡಿ ಅಂದೆ.
'ಅದಿಲ್ದೆ ನಡ ನಿಲ್ಲಾಕಿಲ್ಲ ಕನವ್ವ.'
ಫಾರಮ್ಮು ತುಂಬಿಸಿದೆ. ಎದೆನೋವು? ಇಲ್ಲ. ತಲೆಸುತ್ತು? ಇಲ್ಲ.
ಕಾಯಿಲೆ?
'ಕಾಯ್ಲೆ ಬಿದ್ರೆ ಮೆಸ್ಸಲ್ಲಿ ಹಿಟ್ಟು ತಿರುವೋರ್ ಯಾರು?'
ಇಲ್ಲ ಎಂದು ಬರೆದುಕೊಂಡೆ.

ಟ್ರೆಡ್‌ಮಿಲ್ಲು ಹತ್ತಿದಳು. 'ಎಷ್ಟ್ ನಡುದ್ರೂ
ಊರೇ ಬರಾಕಿಲ್ವಲ್ಲ ಇದು' ಅಂದಳು.
ಆಮೇಲೆ ಬಾಯಿಗೆ ಬಿಡುವಿಲ್ಲ:
ಬಾಕಿ ಇಟ್ಟು ಓಡಿದ ಐಟಿಐ ಹುಡುಗರು, ಅವರೇಕಾಯಿ ರೇಟು,
ನಾಲೆಗೆ ನೀರು ಬಿಟ್ಟ ದಿನ ಕೋಣ ಜಾರಿ ಬಿದ್ದದ್ದು,
ದಡದಲ್ಲಿ ಜನ, ಹಗ್ಗ ಸಾಲದು,
'ಆಗ ನಮ್ ಬಾವ ಏನ್ ಮಾಡ್ದ ಅಂದ್ರೆ...'

ನಾನು ಕೇಳುತ್ತಿರಲಿಲ್ಲ, ಎಣಿಸುತ್ತಿದ್ದೆ.
ಮಣಿಕಟ್ಟಿನ ಮೇಲೆ ಎರಡು ಬೆರಳು.
ಹೆಬ್ಬೆರಳು ಇಡಬಾರದು, ಅದಕ್ಕೆ ಅದರದೇ ಬಡಿತವಿದೆ;
ಇಟ್ಟರೆ ನಿನ್ನನ್ನೇ ನೀನು ಎಣಿಸಿಕೊಳ್ಳುತ್ತೀಯೆ
ಎಂದು ಮುನೀರ್ ಸರ್ ಮೊದಲ ದಿನವೇ ಹೇಳಿದ್ದರು.
ಹದಿನೈದು ಸೆಕೆಂಡಿಗೆ ಇಪ್ಪತ್ತು. ನಾಲ್ಕರಿಂದ ಗುಣಿಸಿದೆ.
ಎಂಬತ್ತೇ! ಇನ್ನೂ ಹದಿನೆಂಟು ಬಾಕಿ.
ವೇಗದ ಗುಂಡಿ ಒತ್ತಿದೆ, ಮತ್ತೊಮ್ಮೆ ಒತ್ತಿದೆ.
ಎಂಬತ್ತನಾಲ್ಕು.
ಪುಸ್ತಕದ ಪ್ರಕಾರ ಈಕೆ ಇನ್ನೂ
ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾಳೆ.

ಬಾವ ಏನು ಮಾಡಿದ?
ತಲೆ ಎತ್ತಿದೆ. ತುಟಿಯ ಸುತ್ತ ಬೂದಿ ಬಣ್ಣ,
ಕಂಬಿ ಹಿಡಿದ ಗೆಣ್ಣು ಬಿಳುಚಿ,
ಹುಬ್ಬಿನಿಂದ ಬೆವರು ತೊಟ್ಟಿಕ್ಕುತ್ತಿದೆ.
ಬೆಲ್ಟಿನ ಗರಗರ ಒಂದೇ ಕೇಳುತ್ತಿದೆ.
ಮಾತು ಯಾವಾಗ ನಿಂತಿತೋ, ನಾನು ಎಣಿಸಿರಲಿಲ್ಲ.

ಕೆಂಪು ಗುಂಡಿಗೆ ಕೈ ಹಾಕಿದೆ.
'ಗಕ್ಕನೆ ನಿಲ್ಲಿಸಬೇಡ!' ಸರ್ ಆ ಮೂಲೆಯಿಂದ ಕೂಗಿದರು.
ರಕ್ತವೆಲ್ಲ ಕಾಲಿಗಿಳಿದಿದೆ, ಅದನ್ನು ಮೇಲಕ್ಕೆ ಹಿಂಡುವುದು ಮೀನಖಂಡ;
ಕಾಲು ತಟ್ಟನೆ ನಿಂತರೆ ತಲೆಗೆ ಬರಗಾಲ.
ಐದರಿಂದ ನಾಲ್ಕು, ನಾಲ್ಕರಿಂದ ಎರಡು,
ಹಸು ಹಟ್ಟಿಗೆ ಬರುವ ನಿಧಾನದಲ್ಲಿ ಇಳಿಸಿದೆವು.
ಎದೆ ಹಿಂಡುತ್ತದಾ, ದವಡೆ, ಎಡಗೈ, ಎಂದು ಅವರು ಕೇಳಿದರು.
ಇಲ್ಲ ಎಂದು ತಲೆಯಾಡಿಸಿದಳು.
ಅವರ ಇನ್ನೊಂದು ಕೈಯಲ್ಲಿ ಫೋನು ಸಿದ್ಧವಾಗೇ ಇತ್ತು.

ಉಸಿರು ಊರಿಗೆ ಬಂದ ಮೇಲೆ ಚೀಲ ಬಿಚ್ಚಿದಳು.
ಎಲೆ, ಚೂರು ಅಡಿಕೆ, ಸುಣ್ಣದ ಡಬ್ಬಿ,
ಅದರ ಕೆಳಗೆ ಅರ್ಧ ಖಾಲಿಯಾದ ಮಾತ್ರೆಯ ಹಾಳೆ.
'ಇದಾ? ಬೀಪೀದು. ಏಳು ವರ್ಸಾಯ್ತು.
ಇದು ಕಾಯ್ಲೆ ಅಲ್ಲ ಕನವ್ವ, ಅಭ್ಯಾಸ.'
ಹೃದಯಕ್ಕೆ ಕಡಿವಾಣ ಹಾಕುವ ಮಾತ್ರೆ.
ಅದು ಒಳಗಿರುವ ತನಕ ಮೈ ಓಡಿದರೂ
ನಾಡಿ ನಡೆಯುತ್ತಲೇ ಇರುತ್ತದೆ, ಏನೂ ಆಗದವರ ಹಾಗೆ.

ಡಾಕ್ಟರ ಚೀಟಿ ತಂದು, ಎಂಟು ದಿನ ಬಿಟ್ಟು ಬಂದಳು.
ಪರೀಕ್ಷೆಯಲ್ಲಿ ಕಳೆಯುವ ಲೆಕ್ಕ ಬಂದಿತ್ತು,
ಬರೆದೆ, ಪೂರ್ತಿ ಅಂಕವೂ ಬಿತ್ತು.
ಫಾರಮ್ಮಿನ ಕೆಳಗೆ ಈಗ ಪೆನ್ನಿನಲ್ಲಿ ನನ್ನದೊಂದು ಪ್ರಶ್ನೆ:
ದಿನಾ ನುಂಗುವುದು ಏನಾದರೂ ಇದೆಯಾ, ಅಭ್ಯಾಸಕ್ಕೆ?
ಅವಳು ಬಂದಾಗ ಸ್ಪೀಕರಿನ ಹಾಡು ತಗ್ಗಿಸುತ್ತೇನೆ,
ಹುಡುಗರು ಗೊಣಗುತ್ತಾರೆ.
ಕೋಣ ಮತ್ತೆ ನಾಲೆಗೆ ಬೀಳುತ್ತದೆ, ಹಗ್ಗ ಮತ್ತೆ ಸಾಲದು,
ಅಲ್ಲಿಗೆ ಬಂದು ಅವಳು ಅವರೇಕಾಯಿಗೆ ಹೊರಳುತ್ತಾಳೆ.
ಹೊರಳಲಿ.
ಬಾವ ಏನು ಮಾಡಿದನೋ ನಾನು ಇನ್ನೂ ಕೇಳಿಲ್ಲ.